ಚಂಪಾಳ ಯಂತ್ರದಲ್ಲಿ ನನ್ನ ಜಡೆ

ಭಾನುವಾರ ಬೆಳಿಗ್ಗೆ ಸರಿಯಾಗಿ ಹತ್ತು ಗಂಟೆಗೆ ನನ್ನ ಮೈದುನ ಪಂಚಾಕ್ಷರಿ ನಮ್ಮ ಹಜಾರದ ಮಧ್ಯೆ ನಿಂತು ಹಸಿರು ಬಾವುಟ ಬೀಸಿದ. ಗೋಡೆಗುಂಟ ಹಾಸಿದ್ದ ಪುಟ್ಟ ಹಳಿಯ ಮೇಲೆ ಎದೆಯೆತ್ತರದ ಹಿತ್ತಾಳೆಯ ಯಂತ್ರವೊಂದು ಕಟಕಟ ಎನ್ನುತ್ತಾ ಹೊರಟಿತು. ಅದಕ್ಕೊಂದು ಉದ್ದನೆಯ ಕೈ, ಒಂದು ಕ್ಯಾಮೆರಾ ಕಣ್ಣು, ಒಂದು ಬಿಸಿ ದೀಪ, ನೀರು ಸಿಂಪಡಿಸುವ ಮೂತಿ. ಬೆನ್ನ ಮೇಲೆ ಅಕ್ಕಿ ಡಬ್ಬಿಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ.

"ಅತ್ತಿಗೆ, ಇದು ಸರ್ಪಪಾಲಕ. ಆರು ದಿನ ಹಾವಿನ ಕಡೆ ಯಾರೂ ತಿರುಗಿ ನೋಡೋದೂ ಬೇಡ. ಬಿಸಿ, ನೀರು, ಊಟ, ಎಲ್ಲಾ ಇದರದ್ದೇ ಜವಾಬ್ದಾರಿ" ಎಂದ.

ಪಂಚಾಕ್ಷರಿ ಅರಸೀಕೆರೆಯಲ್ಲಿ ಮೂವತ್ತನಾಲ್ಕು ವರ್ಷ ರೈಲ್ವೆ ಸಿಗ್ನಲ್ ಮೆಕ್ಯಾನಿಕ್ ಆಗಿದ್ದವನು. ನಿವೃತ್ತಿಯಾದ ಮೇಲೆ ರೈಲು ಅವನನ್ನು ಬಿಟ್ಟಿತೇ ಹೊರತು ಅವನು ರೈಲನ್ನು ಬಿಡಲಿಲ್ಲ. ಅವನು ಮಾಡಿದ ರೊಟ್ಟಿ ಯಂತ್ರವೂ ರೊಟ್ಟಿ ಬೇಯುವ ಮೊದಲು ಎರಡು ಸಲ ಶಿಳ್ಳೆ ಹೊಡೆಯುತ್ತದೆ.

ಹಾವು ನಮ್ಮದಲ್ಲ. ಮಹಡಿಯಲ್ಲಿ ಬಾಡಿಗೆಗಿರುವ ಬ್ಯಾಂಕಿನ ಫಿಲೋಮಿನಾಳದ್ದು. ಹೊರದೇಶದ ಹೆಬ್ಬಾವಿನ ಜಾತಿ, ಹೆಸರು ಚಂಪಾ, ಸರ್ಕಾರದ ಕಾಗದಪತ್ರವೆಲ್ಲ ಸರಿಯಾಗಿದೆ. ಉದ್ದ ಮೂರೂವರೆ ಅಡಿ. ನಾನು ಊರಿನವರಿಗೆ ಹದಿನಾಲ್ಕು ಎಂದು ಹೇಳಿದ್ದೇನೆ. ಮಂಗಳೂರಿನಲ್ಲಿ ಫಿಲೋಮಿನಾಳ ತಾಯಿಗೆ ಕಣ್ಣಿನ ಆಪರೇಷನ್. ಚಂಪಾಳನ್ನು ಇಟ್ಟುಕೊಳ್ಳಲು ಯಾರೂ ಒಪ್ಪದೆ ಆ ಹುಡುಗಿ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು.

"ಹಾವು ತಾನೇ? ನನ್ನ ಹತ್ರ ಬಿಟ್ಟು ಹೋಗಮ್ಮ. ನಮ್ಮ ತವರಲ್ಲಿ ಹಾವುಗಳು ನನ್ನ ಮಾತು ಕೇಳಿ ಪಕ್ಕಕ್ಕೆ ಸರೀತಿದ್ವು" ಎಂದೆ ನಾನು. ಅಲ್ಲಿಯವರೆಗೆ ನಾನು ಹಾವನ್ನು ಮುಟ್ಟಿದ್ದು ಕ್ಯಾಲೆಂಡರಿನಲ್ಲಿ ಮಾತ್ರ.

"ಆಂಟಿ, ನೀವು ದೇವರ ಹಾಗೆ ಸಿಕ್ಕಿದ್ರಿ ಮಾರಾಯ್ರೆ. ಈ ವಾರ ಅವಳು ಪೊರೆ ಬಿಡ್ತಾಳೆ. ಪೊರೆ ಪೂರ್ತಿ ಕಳಚುವವರೆಗೆ ಬೆಚ್ಚಗೆ, ತೇವದಲ್ಲಿ ಇಡಬೇಕು. ಮಧ್ಯದಲ್ಲಿ ಎಳೆದಾಡಬಾರದು, ಆಯ್ತಾ?"

ಅದಕ್ಕೇ ಆ ಕಬ್ಬಿಣದ ಪೆಟ್ಟಿಗೆ. ಯಂತ್ರ ಹಾವನ್ನು ಗುರುತಿಸಿ, ಎತ್ತಿ ಒಳಗಿಟ್ಟು, ಬಾಗಿಲು ಮುಚ್ಚಿ, ಪೊರೆ ಕಳಚಿದ ಮೇಲೆ ಬಿಡುತ್ತದೆ. ಆದರೆ ಗುರುತಿಸುವುದಕ್ಕೆ ಮೊದಲು ಅಳತೆ ಕೊಡಬೇಕಲ್ಲ? ಚಂಪಾ ಹಜಾರಕ್ಕೆ ತಂದಿಟ್ಟ ಗಾಜಿನ ತೊಟ್ಟಿಯಲ್ಲಿ ಉಂಡೆಯಾಗಿ ಸುತ್ತಿಕೊಂಡು ಮಲಗಿದವಳು ಅಲುಗಲಿಲ್ಲ. ಪಂಚಾಕ್ಷರಿ ಟೇಪು ಹಿಡಿದು ಸುತ್ತಲೂ ಓಡಾಡಿದ.

"ಉದ್ದಕ್ಕೆ ಮಲಗಿದ್ರೆ ತಾನೇ ಅತ್ತಿಗೆ ಅಳೆಯೋದು? ಇದು ಲಾಡು ಕೂತಂಗೆ ಕೂತಿದೆ."

ನನಗೆ ಸುಮ್ಮನಿರಲಾಗಲಿಲ್ಲ. ನನ್ನ ಜಡೆಯ ವಿಷಯ ಇಲ್ಲಿ ಹೇಳಲೇಬೇಕು. ಅರವತ್ತೊಂದನೇ ವಯಸ್ಸಿಗೂ ಅದು ಮೊಣಕಾಲು ಮುಟ್ಟುತ್ತದೆ, ಇದ್ದಿಲು ನಾಚಬೇಕು ಅಷ್ಟು ಕಪ್ಪು. ಒಮ್ಮೆ ನಾನು ಪ್ಲಾಟ್‌ಫಾರ್ಮಿನಲ್ಲಿ ಬೆನ್ನು ತಿರುಗಿಸಿ ನಿಂತದ್ದಕ್ಕೆ ಹುಬ್ಬಳ್ಳಿ ರೈಲು ಹನ್ನೊಂದು ನಿಮಿಷ ಹೊರಡಲಿಲ್ಲ. ಈ ಹಾವು ಬಂದ ವಾರದ ಗುರುವಾರವೇ ಮಹಿಳಾ ಸಮಾಜದಲ್ಲಿ 'ನನ್ನ ಜಡೆಯ ಗುಟ್ಟು' ಎಂಬ ನನ್ನ ಭಾಷಣವಿತ್ತು. ಕರಪತ್ರ ಹಂಚಿಯಾಗಿತ್ತು. ಆ ಸಮಾಜದ ಕಾರ್ಯದರ್ಶಿ ಕಮಲಾಕ್ಷಮ್ಮ, ಹತ್ತು ವರ್ಷದಿಂದ ನನ್ನ ಜಡೆಯ ಮೇಲೆ ಕಣ್ಣಿಟ್ಟವಳು, ಮೊದಲ ಸಾಲಿನಲ್ಲಿ ಕೂರುವುದಾಗಿ ಹೇಳಿ ಕಳಿಸಿದ್ದಳು.

"ಹಾವಿನ ಅಳತೆ ಯಾಕಪ್ಪ ನಿಂಗೆ? ನನ್ನ ಜಡೆ ತಗೋ. ಯಾವ ಹಾವಿಗೆ ಕಡಿಮೆ?" ಎಂದು ಬೆನ್ನು ತಿರುಗಿಸಿ ನಿಂತೆ.

ನಮ್ಮವರು ಪೇಪರಿನ ಹಿಂದಿನಿಂದ "ಬೇಡ ಕಣೋ" ಎಂದರು. ಅವರ ಮಾತು ನಮ್ಮ ಮನೆಯಲ್ಲಿ ಯಾರಿಗೂ ಕೇಳಿಸುವುದಿಲ್ಲ. ಯಂತ್ರದ ಕಣ್ಣು ನನ್ನ ಜಡೆಯನ್ನು ಮೇಲಿನಿಂದ ಕೆಳಗೆ ನೂರು ಸಲ ನೋಡಿತು. ಉದ್ದ, ದಪ್ಪ, ಬಣ್ಣ, ಅಲುಗಾಟ, ಎಲ್ಲವನ್ನೂ ಕಲಿತು ಹಸಿರು ದೀಪ ಹಚ್ಚಿತು. ಪಂಚಾಕ್ಷರಿ ಮೀಸೆಯ ಮೇಲೆ ಕೈ ಹಾಕಿದ. ನಾನು ಜಡೆಯ ಮೇಲೆ ಹಾಕಿದೆ.

ಫಿಲೋಮಿನಾ ಮಧ್ಯಾಹ್ನದ ರೈಲಿಗೆ ಹೊರಟಳು.

ಸೋಮವಾರ ಯಂತ್ರ ಚಂಪಾಳ ತೊಟ್ಟಿಯ ಮುಂದೆ ನಿಲ್ಲದೆ ಹಾದುಹೋಯಿತು. ನಾನು ಹಜಾರಕ್ಕೆ ಬಂದರೆ ಮಾತ್ರ ಬಿಸಿ ದೀಪ ನನ್ನ ಕಡೆ ತಿರುಗುತ್ತಿತ್ತು. ಮಾರ್ಗಶಿರದ ಚಳಿ, ಬೆನ್ನಿಗೆ ಹಿತವಾಗಿಯೇ ಇತ್ತು. ದೊಡ್ಡವರಿಗೆ ಮರ್ಯಾದೆ ಕೊಡುವುದನ್ನೂ ಮೈದುನ ಕಲಿಸಿದ್ದಾನೆ ಎಂದುಕೊಂಡೆ.

ಸಂಜೆ ನಾನು ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ಯಂತ್ರದ ಕೈ ಹೆಗಲ ಮೇಲಿನಿಂದ ಬಂದು ನನ್ನ ಜಡೆಯ ತುದಿಗೆ ಏನನ್ನೋ ಮೃದುವಾಗಿ ಹಿಡಿಯಿತು. ನೋಡಿದೆ. ಇಲಿ. ಫಿಲೋಮಿನಾ ಕಿಟಕಿಯಾಚೆ ವರಾಂಡದ ಐಸ್ ಡಬ್ಬಿಯಲ್ಲಿ ಬಿಟ್ಟುಹೋದದ್ದು, ಹದವಾಗಿ ಬಿಸಿ ಮಾಡಿದ್ದು.

ಮೂರು ತಲೆಮಾರು ಮೊಟ್ಟೆ ಕೂಡ ಒಳಗೆ ಬರದ ಮನೆ ನಮ್ಮದು. ನನ್ನ ಕೂಗಿಗೆ ಬಾಣಾವರದವರೆಗಿನ ಕಾಗೆಗಳೆಲ್ಲ ಎದ್ದವು. ಮೈದುನನಿಗೆ ಫೋನ್ ಹಚ್ಚಿದೆ.

"ಪಂಚಾಕ್ಷರಿ, ನಿನ್ನ ಯಂತ್ರ ನನ್ನ ಜಡೆಗೆ ಇಲಿ ತಿನ್ನಿಸ್ತಿದೆ ಕಣೋ."

"ತಿಂತೇನು ಅತ್ತಿಗೆ?"

"ನಿನ್ನ ತಲೆ."

"ಹಾಗಿದ್ರೆ ಸರಿ. ಪೊರೆ ಬಿಡೋ ಮುಂಚೆ ಹಾವು ಊಟ ಬಿಡುತ್ತೆ. ಯಂತ್ರ ಈಗ ಹಾಗಂತ ತಿಳ್ಕೊಳ್ಳುತ್ತೆ. ಬೆಳಿಗ್ಗೆ ಬಂದು ಸರಿ ಮಾಡ್ತೀನಿ."

ಅವನು ಬರುವ ಮೊದಲೇ ಯಂತ್ರ ತಿಳಿದುಕೊಂಡಿತ್ತು. ಮಂಗಳವಾರ ಹನ್ನೊಂದು ಗಂಟೆಗೆ ನಾನು ಹಳಿಗೆ ಬೆನ್ನು ಮಾಡಿ ಭಾಷಣದ ಚೀಟಿ ಓದುತ್ತಾ ಕೂತಿದ್ದೆ. ಹಿಂದಿನಿಂದ ಯಾರೋ ತಾಯಿ ಮಗುವನ್ನು ಎತ್ತುವ ಹಾಗೆ ನನ್ನ ಜಡೆಯನ್ನು ಎತ್ತಿದರು. ಠಣ್ ಎಂದು ಬಾಗಿಲು ಮುಚ್ಚಿತು. ಕೆಂಪು ದೀಪ ಹತ್ತಿತು. ಕುತ್ತಿಗೆಯಿಂದ ಒಂದು ಗೇಣು ಕೆಳಗಿನಿಂದ ತುದಿಯವರೆಗೆ ನನ್ನ ಜಡೆ ಕಬ್ಬಿಣದ ಪೆಟ್ಟಿಗೆಯೊಳಗಿತ್ತು. ಒಳಗೆ ಬುಸ್ಸೆಂದು ಹಬೆ ಶುರುವಾಯಿತು.

ಆಮೇಲೆ ಯಂತ್ರ ಹೊರಟಿತು.

ಪೆಟ್ಟಿಗೆ ತುಂಬಿದ ಮೇಲೆ ನಿಲ್ಲದೆ ಹಜಾರ ಸುತ್ತುವುದು ಅದರ ನಿಯಮ. ನಾನು ಎದ್ದು ಬಿದ್ದು ಅದರ ಜೊತೆ ಹಿಮ್ಮುಖವಾಗಿ ನಡೆದೆ. ಕುರ್ಚಿ ದಾಟಿದೆ, ಟೀವಿ ದಾಟಿದೆ, ನಮ್ಮವರನ್ನು ದಾಟಿದೆ.

"ಏನ್ರೀ, ನೋಡ್ತಾ ಕೂತಿದೀರಲ್ಲ, ನಿಲ್ಲಿಸ್ರೀ ಇದನ್ನ."

"ಮದುವೆಯಾಗಿ ನಲವತ್ತು ವರ್ಷಕ್ಕೆ ಮೊದಲ ಸಲ ನೀನು ಇನ್ನೊಬ್ಬರ ಹಿಂದೆ ಹೋಗ್ತಿರೋದು ನೋಡ್ತಿದೀನಿ. ಇನ್ನೊಂದು ಸುತ್ತು ಹೋಗು" ಎಂದರು.

ಪಂಚಾಕ್ಷರಿ ಓಡಿಬಂದ. ನಿಲ್ಲಿಸುವ ಸ್ವಿಚ್ ಎಲ್ಲಿ ಎಂದೆ.

"ಸ್ವಿಚ್ ಇಟ್ಟಿಲ್ಲ ಅತ್ತಿಗೆ. ಸ್ವಿಚ್ ಇದ್ರೆ ಯಾರಾದ್ರೂ ಕೈ ಹಾಕ್ತಾರೆ. ನನ್ನ ಸರ್ವೀಸಲ್ಲಿ ಸಿಗ್ನಲ್ ಬೀಳದೆ ಒಂದು ಗೇಟೂ ತೆಗೆದವನಲ್ಲ ನಾನು. ಪೊರೆ ಕಳಚ್ತು ಅಂತ ಅದಕ್ಕೆ ಗೊತ್ತಾದ್ರೆ ಲೈನ್ ಕ್ಲಿಯರ್. ತಾನೇ ತೆಗೆಯುತ್ತೆ."

"ಜಡೆ ಎಲ್ಲಾದ್ರೂ ಪೊರೆ ಬಿಡುತ್ತೇನೋ?"

ಅವನು ಅಡುಗೆಮನೆಗೆ ಹೋಗಿ ಕತ್ತರಿ ತಂದ. ನಾನು ಅವನನ್ನು ನೋಡಿದ ನೋಟಕ್ಕೆ ಕತ್ತರಿ ತಾನಾಗಿಯೇ ಮುಚ್ಚಿಕೊಂಡಿತು.

"ಗುರುವಾರ ಭಾಷಣ ಇದೆ. ಜಡೆ ಇಲ್ದೆ ಜಡೆಯ ಗುಟ್ಟು ಏನಂತ ಹೇಳ್ಲಿ? ಕಮಲಾಕ್ಷಮ್ಮನ ಮುಂದೆ? ಒಂದು ಎಳೆ ಕತ್ತರಿಸಿದ್ರೂ ನಿನ್ನ ಮೀಸೆ ಇರಲ್ಲ, ನೆನಪಿರ್ಲಿ."

ಅಷ್ಟರಲ್ಲಿ ನಮ್ಮವರು ಗಾಜಿನ ತೊಟ್ಟಿ ಮುಟ್ಟಿ, "ಇದು ತಣ್ಣಗಾಗಿದೆಯಲ್ಲೋ" ಎಂದರು.

ಪಂಚಾಕ್ಷರಿಯ ಮುಖ ಇಳಿಯಿತು. ಒಂದು ಲೈನಿನಲ್ಲಿ ಒಂದೇ ರೈಲು ಎಂಬ ಅವನ ಸಿದ್ಧಾಂತದ ಪ್ರಕಾರ, ಹಾವು ಪೆಟ್ಟಿಗೆ ಸೇರಿದ ಕೂಡಲೇ ತೊಟ್ಟಿಯ ಬಿಸಿ ತಾನಾಗಿ ಆರುತ್ತದೆ. ನನ್ನ ಜಡೆ ಸುಖವಾಗಿ ಹಬೆ ಕುಡಿಯುತ್ತಿತ್ತು. ಚಂಪಾ ಚಳಿಯಲ್ಲಿ ಮರಗಟ್ಟುತ್ತಿದ್ದಳು. ಫಿಲೋಮಿನಾಳಿಗೆ ಫೋನ್ ಮಾಡಿದೆ. ನಡೆಯುತ್ತಲೇ.

"ಆಂಟಿ, ಯಾಕೆ ಏದುಸಿರು ಬಿಡ್ತಾ ಇದ್ದೀರಿ?"

"ವಾಕಿಂಗ್ ಕಣಮ್ಮ. ನಿನ್ನ ಹಾವು ಸ್ವಲ್ಪ ತಣ್ಣಗಿದೆ. ಏನ್ಮಾಡ್ಲಿ?"

"ಅಯ್ಯೋ, ಬೇಗ ಕುತ್ತಿಗೆಗೆ ಹಾಕ್ಕೊಳ್ಳಿ ಆಂಟಿ. ಮೈ ಬಿಸಿಗೆ ಸರಿ ಆಗ್ತಾಳೆ. ನಿಮ್ಗೆ ಹಾವೆಲ್ಲ ಅಭ್ಯಾಸ ಅಲ್ವಾ."

ಪಂಚಾಕ್ಷರಿ ಸೋಫಾ ಹತ್ತಿ ನಿಂತಿದ್ದ. ನಮ್ಮವರು ಪೇಪರಿನೊಳಗೆ ಮಾಯವಾಗಿದ್ದರು. ಉಳಿದವಳು ನಾನು. ಮೆಟ್ಟಿಲ ಮೇಲೆ ಅಳುತ್ತಿದ್ದ ಆ ಹುಡುಗಿಗೆ ಮಾತು ಕೊಟ್ಟಿದ್ದವಳೂ ನಾನೇ. ಮುಂದಿನ ಸುತ್ತಿನಲ್ಲಿ ತೊಟ್ಟಿಯ ಹತ್ತಿರ ಬಂದಾಗ ಕಣ್ಣು ಮುಚ್ಚಿ ಕೈ ಹಾಕಿ ಎತ್ತಿಕೊಂಡೆ. ಚಂಪಾ ನಿಧಾನವಾಗಿ ಕುತ್ತಿಗೆ ಸುತ್ತಿ, ತಲೆಯನ್ನು ಸೆರಗಿನೊಳಗೆ ತೂರಿಸಿ ಮಲಗಿದಳು. ಸ್ವಲ್ಪ ಹೊತ್ತಿಗೆ ಮೈ ಬೆಚ್ಚಗಾಗಿ ನಾಲಿಗೆ ಆಡಿಸಿದಳು. ಕಚಗುಳಿಯಾಯಿತು. ನಿಜ ಹೇಳುತ್ತೇನೆ, ಮಕ್ಕಳನ್ನು ಸಾಕಿದಾಗಲೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಹೀಗೆ ಐದು ಗಂಟೆ ಕಾಲ, ಮುಂದೆ ಹಾವು, ಹಿಂದೆ ರೈಲು, ಮಧ್ಯೆ ನಾನು, ಹಜಾರ ಸುತ್ತಿದೆ. ಒಟ್ಟು ನಲವತ್ತು ಕಿಲೋಮೀಟರ್ ಆಗಿರಬೇಕು. ಪಂಚಾಕ್ಷರಿ ಪ್ರತಿ ಸುತ್ತಿಗೂ ಒಂದು ಸ್ಕ್ರೂ ಬಿಚ್ಚುತ್ತಿದ್ದ. ಯಂತ್ರ ಅದನ್ನು ಎತ್ತಿ ಮತ್ತೆ ಹಾಕಿಕೊಳ್ಳುತ್ತಿತ್ತು. ಅದನ್ನೂ ಅವನೇ ಕಲಿಸಿದ್ದು.

ನಾಲ್ಕು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ನಮ್ಮವರು ತೆಗೆದರು. ಕಮಲಾಕ್ಷಮ್ಮ, ಜೊತೆಗೆ ಸಮಾಜದ ಆರು ಜನ ಹೆಂಗಸರು. ಗುರುವಾರಕ್ಕೆ ಅಧಿಕೃತವಾಗಿ ಆಹ್ವಾನಿಸಲು ತಟ್ಟೆಯಲ್ಲಿ ಹೂವು, ತೆಂಗಿನಕಾಯಿ ಹಿಡಿದು ಬಂದಿದ್ದರು.

"ಇದೇನ್ರೀ ನಂಜಮ್ಮನೋರೇ ಇದು?" ಎಂದಳು ಕಮಲಾಕ್ಷಮ್ಮ.

"ಕೇಶಪಾಲನೆ. ಇಟಲಿ ಪದ್ಧತಿ. ಕೂತ್ಕೊಳ್ಳಿ, ಇನ್ನೊಂದು ಸುತ್ತು ಹಾಕಿ ಬಂದೆ" ಎಂದೆ.

ಯಾರೂ ಕೂರಲಿಲ್ಲ. ನನ್ನ ಕುತ್ತಿಗೆಯಲ್ಲಿದ್ದದ್ದು ಅಲುಗಿತು. ಆಗ ನಮ್ಮವರು ಪೇಪರ್ ಮಡಿಸಿ ನೆಲದ ಕಡೆ ಬೊಟ್ಟು ಮಾಡಿದರು.

"ಇವಳೇ, ಪೆಟ್ಟಿಗೆಯಿಂದ ಇಂಕು ಸೋರ್ತಿದೆ."

ಹಳಿಯುದ್ದಕ್ಕೂ ಕಪ್ಪು ನೀರಿನ ಗೆರೆ. ಐದು ಗಂಟೆಯ ಬಿಸಿ ಹಬೆ ತನ್ನ ಕೆಲಸ ಮಾಡಿತ್ತು. ಹದಿನೈದು ದಿನಕ್ಕೊಮ್ಮೆ ಬಚ್ಚಲಿನ ಚಿಲಕ ಹಾಕಿಕೊಂಡು ನಾನು ಮಾಡುವ ಕೆಲಸ ಯಾವುದು ಎಂಬುದು ಇಪ್ಪತ್ತು ವರ್ಷದಿಂದ ನನಗೂ ದೇವರಿಗೂ ಮಾತ್ರ ಗೊತ್ತಿತ್ತು. ಈಗ ಯಂತ್ರಕ್ಕೂ ಗೊತ್ತಾಯಿತು. ಪೆಟ್ಟಿಗೆಯೊಳಗಿದ್ದ ಇನ್ನೊಂದು ಕಣ್ಣು ಹಳೆಯ ಬಣ್ಣ ಹೋದದ್ದನ್ನು ನೋಡಿತು, ಹೊಸ ಹೊಳಪು ಬಂದದ್ದನ್ನು ನೋಡಿತು. ಸ್ಟೇಷನ್ನಿನಂತೆ ಮೂರು ಸಲ ಗಂಟೆ ಬಾರಿಸಿತು. ಹಸಿರು ದೀಪ ಹತ್ತಿತು.

"ಪೊರೆ ಸಂಪೂರ್ಣ ಕಳಚಿದೆ. ಹಾವು ಆರೋಗ್ಯವಾಗಿದೆ" ಎಂದು ಪಂಚಾಕ್ಷರಿಯ ದನಿಯಲ್ಲೇ ಘೋಷಿಸಿತು. ಬಾಗಿಲು ತೆರೆಯಿತು.

ನನ್ನ ಜಡೆ ಹೊರಬಂತು. ಒಂದು ಕೂದಲೂ ಕಡಿಮೆಯಾಗಿರಲಿಲ್ಲ. ಮೊಣಕಾಲು ಮುಟ್ಟುವ ಉದ್ದ, ಹಾಲಿನಂಥ ಬಿಳುಪು.

ಕಮಲಾಕ್ಷಮ್ಮ ನನ್ನ ಜಡೆಯನ್ನು ನೋಡಿದಳು. ಆಮೇಲೆ ತನಗೆ ಅರಿವಿಲ್ಲದೆ ತನ್ನ ಕಪ್ಪು ತುರುಬಿನ ಮೇಲೆ ಸೆರಗು ಎಳೆದುಕೊಂಡಳು. ಅವಳ ಹಿಂದಿದ್ದ ಆರು ಜನರೂ ಎಳೆದುಕೊಂಡರು.

ನಾನು ಜಡೆಯನ್ನು ಎಡ ಹೆಗಲ ಮೇಲಿನಿಂದ ಮುಂದಕ್ಕೆ ಹಾಕಿಕೊಂಡೆ. ಬಲಗಡೆ ಚಂಪಾ ಇದ್ದಳು.

"ಗುರುವಾರ ಎಷ್ಟು ಗಂಟೆಗೆ ಬರ್ಲಿ?" ಎಂದು ಕೇಳಿದೆ.

ಭಾಷಣಕ್ಕೆ ಊರೇ ಬಂದಿತ್ತು. ನಾಲ್ಕು ಸಾವಿರ ಜನ, ಮೂವತ್ತು ಕುರ್ಚಿ. ಗುಟ್ಟು ಮೊದಲೇ ರಟ್ಟಾಗಿದ್ದರಿಂದ ಹಾವು ಸಾಕುವುದು ಹೇಗೆ ಎಂದು ಒಂದು ಗಂಟೆ ಮಾತಾಡಿದೆ. ಶನಿವಾರ ಫಿಲೋಮಿನಾ ಬಂದು ಚಂಪಾಳ ಮೈ ನೋಡಿ, ನನ್ನ ಜಡೆ ನೋಡಿ, ನನ್ನ ಕಾಲಿಗೆ ನಮಸ್ಕಾರ ಮಾಡಿದಳು.

ಚಂಪಾ ಪೊರೆ ಬಿಟ್ಟದ್ದು ಶುಕ್ರವಾರ. ನಾನು ಅವಳಿಗಿಂತ ಮೂರು ದಿನ ಮೊದಲೇ ಮುಗಿಸಿದ್ದೆ.