ಪಿಕಪ್ಪು ಇಳಿಸಿದ ಪ್ರಸಂಗ

ಗೋಣಿಬೀಡಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದ ಷಡಕ್ಷರಿಗೆ ದೇವರು ಕೊಟ್ಟಿದ್ದು ಸಾಕಷ್ಟಿತ್ತು. ಕೊರಗು ಒಂದೇ. ಹೆಂಡತಿ ರುದ್ರಾಣಿ ಅವನ ಪಿಕಪ್ ಹತ್ತುತ್ತಿರಲಿಲ್ಲ.

ಅದೇನು ಸಾಮಾನ್ಯ ಪಿಕಪ್ಪೇ? ಅವನ ಅಪ್ಪನ ಕಾಲದ್ದು. ಗುಂಡನೆಯ ಕಣ್ಣು, ಉದ್ದನೆಯ ಮೂತಿ, ಎಳೆ ವೀಳ್ಯದೆಲೆಯ ಬಣ್ಣ. ಎಷ್ಟೋ ವರ್ಷ ತೋಟಗಳಿಂದ ಕಾಫಿ ಮೂಟೆ ಹೊತ್ತು ದಣಿದಿದ್ದ ಅದನ್ನು ಷಡಕ್ಷರಿ ಸಕಲ ಗೌರವಗಳೊಂದಿಗೆ ಸೇವೆಯಿಂದ ನಿವೃತ್ತಿಗೊಳಿಸಿ, ಭಾನುವಾರ ಬಂತೆಂದರೆ ಶಾಂಪೂ ಹಾಕಿ ಅಭ್ಯಂಜನ ಮಾಡಿಸುತ್ತಿದ್ದ. (ಶಾಂಪೂ ರುದ್ರಾಣಿಯದು. ಅದೊಂದು ಬೇರೆಯೇ ಜಗಳ, ಇಲ್ಲಿ ಬೇಡ.)

ಮೂಟೆ ಹೊರಲೆಂದೇ ಹುಟ್ಟಿದ ಗಾಡಿಯಾದ್ದರಿಂದ ಅದು ಬಲು ಎತ್ತರ, ಅದರ ಹಿಂದಿನ ಸ್ಪ್ರಿಂಗು ಬಲು ಬಿರುಸು. ಖಾಲಿ ಓಡಿಸಿದರೆ ಹಗ್ಗ ಬಿಚ್ಚಿದ ಕರುವಿನ ಹಾಗೆ ಎಗರುತ್ತಿತ್ತು. ರುದ್ರಾಣಿಯಾದರೋ ತವರಿನ ತೋಟದಲ್ಲಿ ಜೀಪು ಓಡಿಸಿಕೊಂಡು ಬೆಳೆದವಳು. ಗಾಡಿಗಳ ವಿಷಯದಲ್ಲಿ ಅವಳ ಮುಂದೆ ಸುಳ್ಳು ನಡೆಯುತ್ತಿರಲಿಲ್ಲ.

"ಹತ್ತೋಕೆ ಏಣಿ ಬೇಕು, ಇಳಿದ್ಮೇಲೆ ಸೊಂಟಕ್ಕೆ ಎಣ್ಣೆ ಬೇಕು. ನೀವು ನಿಮ್ಮ ಕುದುರೆ ಮೇಲೆ ಬನ್ನಿ, ನಾನು ಬಸ್ಸಲ್ಲಿ ಬರ್ತೀನಿ. ಹೇಗೂ ನಂಗೆ ಫ್ರೀ" ಎಂದು ಅವಳು ಎಂದೋ ತೀರ್ಪು ಕೊಟ್ಟಾಗಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಷಡಕ್ಷರಿಯ ಮೊಬೈಲಿನಲ್ಲಿ ಯಾವುದೋ ದೂರದೇಶದ ಹಳೇ ಪಿಕಪ್ಪೊಂದು ಪ್ರತ್ಯಕ್ಷವಾಯಿತು. ಅದರ ಹೊಟ್ಟೆ ನೆಲಕ್ಕೆ ತಾಗಿಯೂ ತಾಗದಂತಿತ್ತು. ಅದು ಓಡುತ್ತಿರಲಿಲ್ಲ, ತೇಲುತ್ತಿತ್ತು. ಆಮೇಲೆ ಅವನಿಗೆ ಕಣ್ಣು ಮುಚ್ಚಿದರೂ ಅದೇ, ತೆರೆದರೂ ಅದೇ. ಹೂಮಳೆ ಬಿದ್ದಾಗಿದೆ. ಮೂಡಿಗೆರೆ ರಸ್ತೆಯ ಎರಡೂ ಕಡೆ ಕಾಫಿ ಗಿಡಗಳು ಬೆಳ್ಳಗೆ ಹೂ ಬಿಟ್ಟು ನಿಂತಿವೆ. ಆ ಘಮದ ನಡುವೆ ತನ್ನ ಪಿಕಪ್ಪು ಮೆಲ್ಲಗೆ ತೇಲಿ ಹೋಗುತ್ತಿದೆ. ಪಕ್ಕದಲ್ಲಿ ರುದ್ರಾಣಿ. ಕಿಟಕಿಗೆ ಮೊಣಕೈ ಊರಿ, ಮುಖಕ್ಕೆ ಗಾಳಿ ತಗೊಳ್ಳುತ್ತ, "ಎಷ್ಟು ಚೆನ್ನಾಗಿದೆ ರೀ" ಅನ್ನುತ್ತಾಳೆ. ಇಷ್ಟೇ ಕನಸು. ಆ ವಾರವೆಲ್ಲ ಮೊಳೆ ಕೇಳಿದವರಿಗೆ ಅವನು ಬೋಲ್ಟು ಕೊಟ್ಟ.

"ಗಾಡಿ ಇಳಿಸ್ಬೇಕು ಅಂತಿದೀನಿ" ಎಂದ, ತಿಂಡಿಗೆ ಕೂತಾಗ.

"ಇಳಿಸೋಕೆ ಅದರಲ್ಲಿ ಎಂಥ ಇದೆ? ಖಾಲಿ ಅಲ್ವಾ?"

"ಗಾಡಿಯಿಂದ ಅಲ್ಲ ಮಾರಾಯ್ತಿ, ಗಾಡಿನೇ ಇಳಿಸೋದು. ತಗ್ಗಿಸೋದು."

"ತಗ್ಗಿಸೋದಾದ್ರೆ ನಿಮ್ಮ ಹೊಟ್ಟೆಯಿಂದ ಶುರು ಮಾಡಿ" ಎಂದು ರುದ್ರಾಣಿ ಅವನ ತಟ್ಟೆಗೆ ಇನ್ನೊಂದು ಕಡುಬು ಹಾಕಿದಳು.

ಬಸ್ ಸ್ಟ್ಯಾಂಡಿನ ಹಿಂದೆ ಶೆಡ್ ಹಾಕಿಕೊಂಡಿದ್ದ ಮೆಕ್ಯಾನಿಕ್ ಕಲ್ಲೇಶ್ ಪರಮ ಸಜ್ಜನ. ಯಾರು ಏನು ಹೇಳಿದರೂ "ಆಗ್ಲಿ ಬಿಡಿ" ಅನ್ನುವವನು. ಗಾಡಿಯ ಮುಂಭಾಗವನ್ನು ಅವನು ಹೇಗೋ ಸಲೀಸಾಗಿ ತಗ್ಗಿಸಿದ. ಪೇಚಾಟ ಶುರುವಾದದ್ದು ಹಿಂದಿನ ಸ್ಪ್ರಿಂಗಿನ ಹತ್ತಿರ. ಕಬ್ಬಿಣದ ಪ್ಲೇಟುಗಳನ್ನು ಒಂದರ ಕೆಳಗೊಂದು ಜೋಡಿಸಿ ಕಟ್ಟಿದ ಕಮಾನು ಅದು.

"ನೋಡಿ ಷಡಕ್ಷರಣ್ಣ, ಇರೋ ಸ್ಪ್ರಿಂಗನ್ನೇ ಆಕ್ಸಲ್ಲಿನ ಮೇಲಿಂದ ಬಿಚ್ಚಿ ಕೆಳಗೆ ಕಟ್ಟಬಹುದು. ಗಾಡಿ ತಗ್ಗತ್ತೆ, ಆದ್ರೆ ಎಗರೋದು ಬಿಡಲ್ಲ. ಇಲ್ಲಾಂದ್ರೆ ಬಾಗು ಕಮ್ಮಿ ಇರೋ ಹೊಸ ಸೆಟ್ ತರಿಸಣ. ತಗ್ಗೂ ಹೌದು, ಭಾರಾನೂ ತಡಿಯತ್ತೆ. ಸ್ವಲ್ಪ ಬಿಗಿ ಇರತ್ತೆ ಅಷ್ಟೆ."

"ಬಿಗಿ ಬೇಡ ಕಲ್ಲೇಶ. ಮೆತ್ತಗಿರಬೇಕು."

"ಹಾಗಾದ್ರೆ ಇರೋದ್ರಲ್ಲೇ ಪ್ಲೇಟು ಕಮ್ಮಿ ಮಾಡೋದು. ಬಿಸಿ ಕಡುಬಿನ ಹಾಗೆ ಮೆತ್ತಗಾಗತ್ತೆ. ಆದ್ರೆ ಭಾರ ಹಾಕಂಗಿಲ್ಲ. ಹಿಂದೆ ಏನು ಹೊರ್ತೀರಿ?"

"ಏನೂ ಇಲ್ಲ. ಗಾಳಿ. ಕಾಫಿ ಹೂವಿನ ವಾಸನೆ."

"ಆಗ್ಲಿ ಬಿಡಿ. ಮುಂದೆ ಅಮ್ಮಾವ್ರು ಕೂರ್ತಾರಲ್ಲ, ಅವ್ರ ತೂಕ ಎಷ್ಟು?"

ಷಡಕ್ಷರಿ ಬೆವರಿದ. ಆದರೂ ತಾಂತ್ರಿಕ ಕಾರಣಗಳಿಗಾಗಿ ಪ್ರಾಣವನ್ನು ಪಣಕ್ಕಿಟ್ಟು ಅಡುಗೆಮನೆಗೆ ಹೋಗಿ ಕೇಳಿದ. ರುದ್ರಾಣಿಯ ಸೌಟು ಗಾಳಿಯಲ್ಲೇ ನಿಂತಿತು. "ಯಾಕೆ, ಮಾರ್ತೀರಾ?" ಎಂದಳು. ಅವನು ಹೊರಗೆ ಬಂದು, ಇರಲಿ ಎಂದು ನಾಲ್ಕು ಕೆಜಿ ಹೆಚ್ಚಿಗೆಯೇ ಅಂದಾಜು ಮಾಡಿ ಕಲ್ಲೇಶನಿಗೆ ಫೋನು ಮಾಡಿದ. ತನ್ನ ತೂಕ ಹೇಳಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಕನಸಿನಲ್ಲಿ ಅವನಿಗೆ ತೂಕವೇ ಇರಲಿಲ್ಲವಲ್ಲ! "ಎರಡು ಪ್ಲೇಟು ತೆಗೆದುಬಿಡು" ಎಂದು ಅವನು ಅಂದದ್ದೇ ತಡ, ಒಳಗಿನಿಂದ ದನಿ ಬಂತು: "ಊಟಕ್ಕೆ ಯಾರನ್ನ ಕರೆದಿದೀರಿ?"

ತಗ್ಗಿದ ಪಿಕಪ್ಪು ಅಂಗಳಕ್ಕೆ ಬಂದು ನಿಂತಾಗ ರುದ್ರಾಣಿ ಸೀರೆಯ ನೆರಿಗೆ ಹಿಡಿದು ಒಂದು ಕಾಲೆತ್ತಿ ಇಟ್ಟಳು. ಕೂತೇಬಿಟ್ಟಳು! ಮೈಯನ್ನು ಆಚೀಚೆ ತೂಗಿ ನೋಡಿ, "ಅಯ್ಯ, ಉಯ್ಯಾಲೆ ಹಾಗಿದೆ" ಎಂದಳು. ಷಡಕ್ಷರಿ ಸಂತೋಷಕ್ಕೆ ಪಿಕಪ್ಪಿನ ಮೂತಿಯನ್ನು ಸವರಿದ. ಆಮೇಲೆ ಅವಳು ಇಳಿದು ಹಿಂದೆ ಹೋಗಿ, ಹಿಂಬದಿಯ ಹಲಗೆ ಬಿಚ್ಚಿ, ಮೂಟೆ ಇಡುವ ಜಾಗದ ಎತ್ತರವನ್ನು ತನ್ನ ಸೊಂಟಕ್ಕೆ ಹೋಲಿಸಿ ನೋಡಿದಳು. ಅವಳ ಕಣ್ಣು ಮಿನುಗಿತು. ಆ ಮಿನುಗಿನ ಅರ್ಥ ಅವನಿಗೆ ಆಗಲೇ ಆಗಬೇಕಿತ್ತು.

"ರೀ, ನಾಡಿದ್ದು ಮೂಡಿಗೆರೆಲಿ ಮಹಿಳಾ ಮಂಡಳಿಯವ್ರ ಹೂವಿನ ಪ್ರದರ್ಶನ ಇದೆ. ವರ್ಷಾ ವರ್ಷಾ ಬಸ್ಸಲ್ಲಿ ಎರಡೇ ಕುಂಡ ತಗೊಂಡು ಹೋಗಿ ಸಮಾಧಾನದ ಬಹುಮಾನ ತಗೊಂಡು ಬಂದಿದ್ದು ಸಾಕು. ಈ ಸಲ ನನ್ನ ಆಂಥೂರಿಯಂ ಅಷ್ಟನ್ನೂ ಇದರಲ್ಲೇ ಇಡಣ. ಕುಂಡ ಎತ್ತಿಡೋಕೆ ಈಗ ಎಷ್ಟು ಸುಲಭ ನೋಡಿ! ಇಬ್ರೂ ಜೊತೆಗೇ ಹೋಗಣ."

ಭಾರ ಹಾಕಂಗಿಲ್ಲ ಎಂಬ ಮಾತು ಷಡಕ್ಷರಿಯ ನಾಲಿಗೆಯ ತುದಿಗೆ ಬಂದಿತ್ತು. ಆದರೆ 'ಜೊತೆಗೇ' ಎಂಬ ಶಬ್ದ ಅದನ್ನು ಒಳಕ್ಕೆ ತಳ್ಳಿತು. "ಆಗ್ಲಿ ಬಿಡು" ಎಂದ.

ಪ್ರದರ್ಶನದ ದಿನ ರುದ್ರಾಣಿ ಕುಂಡಗಳಿಗೆ ಹೊಟ್ಟೆ ತುಂಬ ನೀರು ಕುಡಿಸಿ ಗಾಡಿಗೆ ಏರಿಸಿದಳು. ಹಿಂಭಾಗ ಕುಸಿದು ಕೂತಿತು, ಮೂತಿ ಆಕಾಶ ನೋಡತೊಡಗಿತು. ಆದರೂ ಹೊರಟರು. ರಸ್ತೆಯ ಎರಡೂ ಕಡೆ ಕಾಫಿ ಹೂ, ಕನಸಿನಲ್ಲಿ ಇದ್ದಂತೆಯೇ. ಆ ಘಮಕ್ಕೆ ರುದ್ರಾಣಿ ಕಿಟಕಿಗೆ ಮೊಣಕೈ ಊರಿದಳು. ಬಾಯಿ ತೆರೆದಳು. "ಎಷ್ಟು..."

ಗರ್ರ್!

ಶಾಲೆಯ ಮುಂದಿನ ರೋಡ್ ಹಂಪು. ಪಿಕಪ್ಪು ಅದರ ಮೇಲೆ ಕಾವಿಗೆ ಕೂತ ಕೋಳಿಯ ಹಾಗೆ ಹೊಟ್ಟೆ ಊರಿಬಿಟ್ಟಿತ್ತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಹಿಂದೆ ಸರ್ಕಾರಿ ಬಸ್ಸು ಹಾರ್ನ್ ಮಾಡತೊಡಗಿತು.

"ಭಾರ ಜಾಸ್ತಿ ಆಯ್ತು. ನಾಲ್ಕು ಕುಂಡ ಇಳಿಸಣ."

"ಕುಂಡ ಮುಟ್ಟಿದ್ರೆ ನೋಡಿ! ಒಂದು ಹೂ ಮುರಿದ್ರೂ ಬಹುಮಾನ ಹೋಯ್ತು. ಇನ್ನೊಂದು ಗಳಿಗೆಗೆ ಹೆಸರು ಬರೆಸ್ಕೊಳ್ಳೋದು ನಿಲ್ಲಿಸ್ತಾರೆ. ನೀವೇ ಇಳೀರಿ."

"ನಾನಾ? ನಾನೊಬ್ಬ ಇಳಿದ್ರೆ ಏನಾಗತ್ತೆ?"

"ಇಳಿದು ನೋಡಿ."

ಇಳಿದ. ಪಿಕಪ್ಪು ಉಸ್ಸೆಂದು ಎರಡು ಬೆರಳು ಮೇಲೆದ್ದಿತು. ಬಸ್ಸಿನೊಳಗಿಂದ ಚಪ್ಪಾಳೆ ಕೇಳಿಸಿತು. ರುದ್ರಾಣಿ ಸ್ಟಿಯರಿಂಗಿನ ಹಿಂದೆ ಸರಿದು, ಹಂಪನ್ನು ನಾಜೂಕಾಗಿ ದಾಟಿಸಿ ನಿಲ್ಲಿಸಿದಳು. ಹಿಂದೆ ಅಲ್ಲಾಡುತ್ತಿದ್ದ ಅತಿ ಎತ್ತರದ ಕುಂಡವನ್ನು ತಂದು ಪಕ್ಕದ ಸೀಟಿನಲ್ಲಿ ಕೂರಿಸಿದಳು. ಅಷ್ಟರಲ್ಲಿ ಷಡಕ್ಷರಿ ಏದುತ್ತ ಓಡಿ ಬಂದ.

"ಹತ್ತಬೇಡಿ! ಮೂಡಿಗೆರೆ ತನಕ ಇನ್ನೂ ಹಂಪಿದೆ. ನೀವು ಬಸ್ಸಲ್ಲಿ ಬನ್ನಿ." ಗಾಡಿ ಹೊರಟಿತು. ತುಸು ದೂರ ಹೋದಮೇಲೆ ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ, ಮನಸಾರೆ ಕೂಗಿದಳು: "ಎಷ್ಟು ಚೆನ್ನಾಗಿದೆ ರೀ!"

ಬಸ್ಸಿನ ಮೆಟ್ಟಿಲು ಬಲು ಎತ್ತರವಿತ್ತು. ಕಂಡಕ್ಟರ್ ಕೈ ಹಿಡಿದು ಎಳೆದುಕೊಂಡ, ಆಮೇಲೆ ಟಿಕೆಟ್ ಹರಿದುಕೊಟ್ಟ. ಗುಂಡಿ ಗುಂಡಿಗೂ ಬಸ್ಸು ಎಗರುತ್ತಿತ್ತು. ಕಂಬಿಗೆ ಜೋತುಬಿದ್ದು ಷಡಕ್ಷರಿ ಮುಂದಿನ ಗಾಜಿನಿಂದ ನೋಡಿದ. ಬೆಳ್ಳಗೆ ಹೂ ಬಿಟ್ಟ ತೋಟಗಳ ನಡುವೆ ಅವನ ಪಿಕಪ್ಪು ತೇಲಿ ಹೋಗುತ್ತಿತ್ತು. ಕಿಟಕಿಯಲ್ಲಿ ರುದ್ರಾಣಿಯ ಮೊಣಕೈ ಕಾಣುತ್ತಿತ್ತು. ಕನಸಿನಲ್ಲಿ ಇದ್ದದ್ದೆಲ್ಲ ಅಲ್ಲಿತ್ತು. ಪಕ್ಕದ ಸೀಟಿನಲ್ಲಿ ಮಾತ್ರ ಕೆಂಪು ಆಂಥೂರಿಯಂ ಒಂದು ಅವಳು ಹೇಳಿದ್ದಕ್ಕೆಲ್ಲ ಹೂಂ ಹೂಂ ಎಂದು ತಲೆಯಾಡಿಸುತ್ತಿತ್ತು.

"ಎಂಥ ಚಂದ ಹೋಗ್ತಿದೆ ಮಾರಾಯ್ರೆ! ಯಾರದ್ದು ಆ ಗಾಡಿ?" ಎಂದ ಕಂಡಕ್ಟರ್.

ಷಡಕ್ಷರಿ ಸೊಂಟ ನೀವಿಕೊಂಡ.

"ನಮ್ಮನೆಯವರದ್ದು" ಎಂದ.