ಎಡಗಡೆಯೇ ಇಲ್ಲದ ಮಾವ

ನನ್ನ ಸೋದರಮಾವನಿಗೆ ಎಡ ಎಂಬುದೇ ಇಲ್ಲ. ಗಾಬರಿಯಾಗಬೇಡಿ, ಇದು ರಾಜಕೀಯದ ಮಾತಲ್ಲ!

ಬ್ಯಾಡಗಿಯ ಈ ಮೆಣಸಿನಕಾಯಿ ವ್ಯಾಪಾರಿ ಹುಟ್ಟಾ ಎಡಚ. ಮಾಸ್ತರರು ಹೊಡೆದು ಹೊಡೆದು ಬರವಣಿಗೆಯನ್ನು ಬಲಗೈಗೆ ವರ್ಗ ಮಾಡಿದ್ದರು. ಆದರೆ ಕಾಯಿ ಮುರಿದು ನೋಡುವುದು, ಹಲ್ಲುಜ್ಜುವುದು, ನನ್ನ ಕಿವಿ ಹಿಂಡುವುದು, ಇವೆಲ್ಲ ಎಡಗೈಯದೇ ಇಲಾಖೆ. ಕಳೆದ ವರ್ಷ ಲಕ್ವಾ ಹೊಡೆದು ಆ ಕೈ ಸೋತಿತು. ಸೋತದ್ದು ಹಾಗಿರಲಿ, ಅದು ತನ್ನ ಕೈ ಎಂಬುದನ್ನೇ ಮಾವ ಮರೆತುಬಿಟ್ಟ!

ಹಾವೇರಿಯ ಆಸ್ಪತ್ರೆಯಲ್ಲಿ ಡಾಕ್ಟರು ಅದನ್ನೆತ್ತಿ ತೋರಿಸಿದರು. "ಇದು ಯಾರ ಕೈರಿ?"

"ನಿಮ್ಮದ ಇರಬೇಕ್ರಿ. ನನ್ನ ಹಾಸಿಗಿ ಮ್ಯಾಲ ಯಾಕ ಇಟ್ಟೀರಿ?"

"ನನ್ನವು ಎರಡೂ ಇಲ್ಲೇ ಅದಾವಲ್ರಿ!"

"ಹಂಗಾರ ಮೂರನೇದು. ಡಾಕ್ಟರಿಗೆ ಕೆಲಸ ಭಾಳ ಇರತಾವಲ್ರಿ."

ಡಾಕ್ಟರು ಅತ್ತೆಗೆ ಬಿಡಿಸಿ ಹೇಳಿದರು. "ಕಣ್ಣು ಚಲೋ ಅದಾವು. ಪೆಟ್ಟು ಬಿದ್ದಿದ್ದು ಮಿದುಳಿನ ಬಲಭಾಗಕ್ಕ. ಎಡಗಡೆ ಲಕ್ಷ್ಯ ಇಡೋ ಕೆಲಸ ಅದರದು. ನೀವು ದಿನಾ ಅವರ ಎಡಗಡೆನ ಕುಂತು ಮಾತಾಡಸ್ರಿ."

ಮನೆಗೆ ಬಂದ ಮಾವ ತಟ್ಟೆಯ ಬಲ ಅರ್ಧವನ್ನು ಉಂಡು, "ಇವತ್ತ ಬದನಿಕಾಯಿ ಮಾಡಿಲ್ಲೇನು?" ಎಂದು ಸಿಡುಕಿದ. ಬದನೆಕಾಯಿ ಎಡಗಡೆ ಕೂತಿತ್ತು. ಅತ್ತೆ ತಟ್ಟೆ ತಿರುಗಿಸಿದಳು. "ಮತ್ತ ಇಷ್ಟೊತ್ತು ಯಾಕ ಮುಚ್ಚಿಟ್ಟಿದ್ದಿ?"

ರಾಣೆಬೆನ್ನೂರಿನ ಮದುವೆಗೆ ಹೊರಟ ದಿನ ತಾನೇ ಗಡ್ಡ ಕೆರೆದುಕೊಂಡ. ಬಲಗೆನ್ನೆ ಕನ್ನಡಿ, ಎಡಗೆನ್ನೆ ಕುರುಚಲು ಕಾಡು!

"ಮಾವಾ, ಅರ್ಧ ಉಳದೈತಿ."

"ಮದಲ ನಿನ್ನ ಕಣ್ಣು ತೋರಿಸ್ಕೋ ಹೋಗು!"

ಮದುವೆಯಲ್ಲಂತೂ ಕೇಳಬೇಡಿ. ಅಕ್ಷತೆ ಹಿಡಿದು ವೇದಿಕೆಯ ಮುಂದೆ ನಿಂತವನಿಗೆ ಬಲಗಡೆಯ ವರ ಮಾತ್ರ ಕಂಡ. "ಹುಡುಗಿ ಎಲ್ಲಿ? ಓಡಿ ಹೋದಳೇನು?" ಎಂದು ಗಟ್ಟಿಯಾಗಿಯೇ ಕೇಳಿದ. ಮಂಟಪದವರೆಲ್ಲ ವೇದಿಕೆಯತ್ತ ಕತ್ತು ಚಾಚಿದರು. ಹುಡುಗಿಯ ತಾಯಿಯೂ ಒಮ್ಮೆ ತಿರುಗಿ ನೋಡಿ ಖಾತ್ರಿ ಮಾಡಿಕೊಂಡಳು!

ಇಷ್ಟಾದರೂ ಅತ್ತೆ ಡಾಕ್ಟರ ಮಾತು ಬಿಡಲಿಲ್ಲ. ದಿನಾ ಸಂಜೆ ಮಾವನ ಎಡಗಡೆ ಕೂತು, ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಎಣ್ಣೆ ತಿಕ್ಕುತ್ತ, ಮೊಮ್ಮಗಳಿಗೆ ಹಲ್ಲು ಬಂದದ್ದು, ಓಣಿಯ ಜಗಳ, ಎಲ್ಲ ಹೇಳುವಳು. ಮಾವ ಬಲಗಡೆಯ ಗೋಡೆಗೆ ಉತ್ತರ ಕೊಡುತ್ತಿದ್ದ. "ಗ್ವಾಡಿ ಜೋಡಿ ಸಂಸಾರ ನಡಸ್ಯಾರ ನೋಡು" ಎಂದು ನನ್ನ ಮುಂದೆ ನಗುತ್ತಿದ್ದಳು.

ಮೊನ್ನೆ ನಾನಿದ್ದೆ. ಮಾತಿನ ನಡುವೆ ಮಾವನ ಕತ್ತು ನಿಧಾನವಾಗಿ ಎಡಕ್ಕೆ ಹೊರಳಿತು. ಅತ್ತೆಯ ಮುಖವನ್ನು ಬಹಳ ಹೊತ್ತು ನೋಡಿದ.

"ಯಾವಾಗ ಬಂದಿ?"

ಎಂಟು ತಿಂಗಳಿಂದ ಅಲ್ಲೇ ಕೂತಿದ್ದ ಅತ್ತೆ ಸೆರಗು ಸರಿ ಮಾಡಿಕೊಂಡಳು.

"ಈಗ ಬಂದೀನ್ರಿ."