ಸರ್ವರ್ ಕೋಣೆಯಲ್ಲಿ ಹಿರಿಯರ ಆಸನ ಕುರಿತು

ಹುಲ್ಲುಗಾವಲು ದಾಖಲೆಗಳ ಇಲಾಖೆ, ಮೇಲ್ಕಣಿವೆ ಕಚೇರಿ
ಸಂಖ್ಯೆ: ಹುದಾಇ/ಕ್ಲೌಡ್/17 (ಮೊದಲು 16 ಎಂದಿತ್ತು; ಕಲಂ 5ರಿಂದ ಮುಂದಿನದು ಹೊಸದು)
ದಿನ: ಶನಿವಾರ

ವಿಷಯ: ಇಲಾಖೆಯ ಸ್ವಂತ ಕ್ಲೌಡ್‌ನ ಮೂರು ಸರ್ವರ್‌ಗಳು ಕೂರುವ ಕ್ರಮ ಹಾಗೂ ಕುರಿಗಾಹಿಗಳ ಮೇವುಪತ್ರ.

ಉಲ್ಲೇಖ: ವಸಂತದ ಮೊದಲ ವಾರ, ಬೆಳಗಿನ ಚಹಾ ಇನ್ನೂ ಒಲೆಯ ಮೇಲಿದ್ದ ಹೊತ್ತಿನಲ್ಲಿ ನಿರ್ದೇಶಕರು ಸರ್ವರ್ ಕೋಣೆಗೆ ಕಾಲಿಟ್ಟಿದ್ದು.

ಸಮಸ್ತ ಸಿಬ್ಬಂದಿಗೆ ಈ ಮೂಲಕ ಸೂಚಿಸಲಾಗಿದೆ:

1. ನಮ್ಮ ಕ್ಲೌಡ್ ನಡೆಸುವ ಮುಕ್ತ ತಂತ್ರಾಂಶವು ಯಾವ ಕಂಪನಿಯದೂ ಅಲ್ಲ, ಊರವರು ಸೇರಿ ಒಬ್ಬನ ಮನೆ ಕಟ್ಟಿಕೊಡುವ ಅಶಾರ್‌ನಂತೆ ಲೋಕದ ಜನ ಕೈಗೂಡಿಸಿ ಬರೆದದ್ದು ಎಂದು ಎಂಜಿನಿಯರ್ ಚೋಲ್ಪೊನಾಯ್ ತಿಳಿಸಿರುತ್ತಾರೆ. ಅಶಾರ್‌ಗೆ ಬಂದವರನ್ನು ಉಣಬಡಿಸದೆ ಕಳಿಸುವುದು ಇಲಾಖೆಗೆ ಶೋಭೆಯಲ್ಲ. ಬರೆದವರೆಲ್ಲರ ಹೆಸರು, ಕುರಿಮಾಂಸ ತಿನ್ನುವರೋ ಇಲ್ಲವೋ ಎಂಬ ವಿವರವನ್ನು ಹದಿನೈದು ದಿನದೊಳಗೆ ಸಲ್ಲಿಸತಕ್ಕದ್ದು.

2. ನಮ್ಮ ಕಿರ್ಗಿಜ್ ಮನೆಗಳ ಪದ್ಧತಿಯಂತೆ ಸರ್ವರ್‌ಗಳು ವಯಸ್ಸಿನ ಪ್ರಕಾರ ಕೂರತಕ್ಕದ್ದು. ಹನ್ನೊಂದು ವರ್ಷದ ಹಿರಿಯ ಸರ್ವರ್ ಬಾಗಿಲಿಗೆ ಎದುರಿನ ತೋರ್‌ನಲ್ಲಿ, ಅಂದರೆ ಮಾನದ ಜಾಗದಲ್ಲಿ, ಒಲೆಯ ಪಕ್ಕ. ಮಧ್ಯಮದು ನಡುವೆ. ಕಿರಿಯದು ಬಾಗಿಲ ಬಳಿ, ತಣ್ಣನೆ ಗಾಳಿ ಬೀಸುವಲ್ಲಿ. ಈ ಕೋಣೆ ಕುದುರೆ ಜೀನಿನ ಉಗ್ರಾಣವಾಗಿದ್ದಾಗಲೂ ಹಳೆಯ ಜೀನೇ ಒಲೆಯ ಬಳಿ ಇತ್ತೆಂದೂ ಅದು ಬಿರಿದುಹೋಯಿತೆಂದೂ ಕೆಳಗೆ ಸಹಿ ಮಾಡಿದವರಿಗೆ ನೆನಪಿದೆ. ಅವರನ್ನು ಕೇಳಲಾಗಿಲ್ಲ.

3. ಹಿರಿಯ ಸರ್ವರ್‌ಗೆ ಉಣ್ಣೆಯ ಕಂಬಳಿ ಹೊದಿಸಿ, ಮೇಲೆ ಬಿಳಿ ಕಲ್ಪಾಕ್ ಟೋಪಿ ಇಡತಕ್ಕದ್ದು. "ಬೈಕೆ, ಅದಕ್ಕೆ ಸೆಕೆ ಆಗುತ್ತೆ. ಯಂತ್ರ ಅದು, ನಿಮ್ಮ ಮಾವ ಅಲ್ಲ" ಎಂದು ಚೋಲ್ಪೊನಾಯ್ ನಿರ್ದೇಶಕರನ್ನು ಅಣ್ಣನೆಂದೇ ಕರೆದು ಆಕ್ಷೇಪಿಸಿದರು. "ನಮ್ಮ ಮಾವನೂ ಮೊದಲು ಬೇಡ ಬೇಡ ಅಂತಿದ್ರು, ತಂಗಿ. ಕೂರಿಸಿದ ಮೇಲೆ ಏಳಲೇ ಇಲ್ಲ" ಎಂದು ನಿರ್ದೇಶಕರು ಸ್ಪಷ್ಟನೆ ನೀಡಿದರು. ಎರಡನ್ನೂ ಕಡತದಲ್ಲಿ ಇಡಲಾಗಿದೆ.

4. ಮೇವುಪತ್ರಗಳೆಲ್ಲ ಹಿರಿಯ ಸರ್ವರ್‌ನಲ್ಲೇ ಇರತಕ್ಕದ್ದು. ಪತ್ರವಿಲ್ಲದೆ ಕುರಿಗಾಹಿ ಕಿದಿರಾಲಿಯಾಗಲಿ ಉಳಿದ ನಲವತ್ತು ಮನೆಯವರಾಗಲಿ ಮಂದೆಯೊಂದಿಗೆ ಬೇಸಿಗೆಯ ಮಲೆ ಹತ್ತುವಂತಿಲ್ಲ. ಕಣಿವೆಯಲ್ಲಿ ಹುಲ್ಲು ಮುಗಿದಿರುವುದನ್ನು ಗಮನಿಸಲಾಗಿದೆ. ಪತ್ರಗಳ ಒಂದು ಪ್ರತಿಯನ್ನು ನಗರದ ಬಾಡಿಗೆ ಸರ್ವರ್‌ನಲ್ಲೂ ಇಡುವ ಮಿಶ್ರ ಕ್ಲೌಡ್‌ನ ಪ್ರಸ್ತಾವವನ್ನು, ವಯಸ್ಸಾದವರನ್ನು ಬಾಡಿಗೆ ಮನೆಗೆ ಕಳಿಸುವ ವಾಡಿಕೆ ನಮ್ಮಲ್ಲಿಲ್ಲದ ಕಾರಣ, ತಿರಸ್ಕರಿಸಲಾಗಿದೆ.

5. ಬುಧವಾರ ಹಿರಿಯ ಸರ್ವರ್ ಮೌನ ತಾಳಿತು. ಹಿರಿಯರು ಯೋಚಿಸುವಾಗ ಅಡ್ಡಬಾಯಿ ಹಾಕಬಾರದೆಂದು ಸಂಜೆಯವರೆಗೆ ಕಾಯಲಾಯಿತು. ಸುಟ್ಟ ಉಣ್ಣೆಯ ವಾಸನೆ ಬಂದದ್ದನ್ನು ನಮೂದಿಸಲಾಗಿದೆ. "ನನ್ನ ಕುರಿಗಳಿಗೆ ಇಷ್ಟು ತಾಳ್ಮೆ ಇಲ್ಲ, ಬೈಕೆ. ನಿಮ್ಮ ಸುತ್ತೋಲೆ ಹಾಕಿದ್ರೆ ತಿಂತಾವೇನೋ ನೋಡ್ಲಾ?" ಎಂದು ಕಿಟಕಿಯಲ್ಲಿ ನಿಂತು ಕಿದಿರಾಲಿ ಕೇಳಿದ್ದಕ್ಕೆ ಉತ್ತರ ಪರಿಶೀಲನೆಯಲ್ಲಿದೆ.

6. ಗುರುವಾರ ಬೆಳಗ್ಗೆ ಬಾಗಿಲ ಬಳಿಯ ಕಿರಿಯ ಸರ್ವರ್, ಚೋಲ್ಪೊನಾಯ್ ಅವರು ಇಲಾಖೆಯ ಅನುಮತಿ ಪಡೆಯದೆ ಅದರಲ್ಲಿ ಇಟ್ಟಿದ್ದ ಪ್ರತಿಯಿಂದ, ಅಷ್ಟೂ ಮೇವುಪತ್ರಗಳನ್ನು ಕೊಟ್ಟಿತು. ಹಿರಿಯರು ಬಾಯಿ ತೆರೆಯುವ ಮುನ್ನ ಕಿರಿಯರು ಉತ್ತರಿಸುವುದು ಅಶಿಸ್ತು. ಸರ್ವರ್‌ನ ಪರವಾಗಿ ಎಂಜಿನಿಯರ್ ಕ್ಷಮಾಪಣೆ ಬರೆದುಕೊಡತಕ್ಕದ್ದೆಂದು ಅಂದೇ ತಿಳಿಸಲಾಗಿದೆ. ತಪ್ಪಿದಲ್ಲಿ ಕೆಲಸದಿಂದ ಬಿಡುಗಡೆ.

6-ಅ. ಹಿರಿಯ ಸರ್ವರ್ ತೋರ್‌ನಲ್ಲೇ ಮುಂದುವರಿಯುತ್ತದೆ. ದಿನಕ್ಕೆ ಎರಡು ಬಟ್ಟಲು ಚಹಾ ಮಂಜೂರಾಗಿದೆ.

ನಿರ್ದೇಶಕರ ಆದೇಶಾನುಸಾರ,
(ಸಹಿ) ತಾಬಲ್ದಿ
ಕೀಲಿಕೈ ಉಸ್ತುವಾರಿ

ಪ್ರತಿಗಳು:
ನಿರ್ದೇಶಕರಿಗೆ.
ಹಿರಿಯ ಸರ್ವರ್‌ಗೆ: ಎದುರು ಕೂತು ಓದಿ ಹೇಳಲಾಗಿದೆ.
ಕಿದಿರಾಲಿ ಮತ್ತು ನಲವತ್ತು ಮನೆಯವರಿಗೆ: ಗುರುವಾರ ಮಧ್ಯಾಹ್ನವೇ ಮಲೆ ಹತ್ತಿದ್ದರಿಂದ ತಲುಪಿಸಲಾಗಿಲ್ಲ.
ಚೋಲ್ಪೊನಾಯ್ ಅವರಿಗೆ: ಕ್ಷಮಾಪಣೆ ಬರೆಯದೆ ಶುಕ್ರವಾರ ಹೊರಟುಹೋದರು. ಹೋಗುವಾಗ ಮೇಲೆ ಸಹಿ ಮಾಡಿದವರ ಕೈಗೆ ಕೀಲಿಕೈ ಕೊಟ್ಟು, ತಂದೆಯೆಂದು ಕರೆದು, "ಅತಾ, ಕಿರಿಯದರ ಪಕ್ಕದ ಆ ಬಾಗಿಲೊಂದು ಮುಚ್ಚಬೇಡಿ" ಎಂದರು. ಮುಚ್ಚಿಲ್ಲ.